ಬಯೋದಲ್ಲಿರುವ ಲಿಂಕಿಗೆ ಹೊಣೆ ಯಾರು?

ಮಾನ್ವಿಯ ಡಿಗ್ರಿ ಕಾಲೇಜಿನ ಹುಡುಗಿಯೊಬ್ಬಳು ಹೊಸ ಕುರ್ತಾ ತೊಟ್ಟು, ‘ಬಯೋದಾಗ ಲಿಂಕ್ ಅದ, ನೋಡ್ರಿ’ ಎಂದು ರೀಲ್ಸ್ ಹಾಕಿದಳು ಎಂದಿಟ್ಟುಕೊಳ್ಳೋಣ. ಐದು ಸಾವಿರ ಮಂದಿ ನೋಡಿದರು. ನೂರಕ್ಕೆ ಇಬ್ಬರಂತೆ ನೂರು ಜನ ಲಿಂಕ್ ಒತ್ತಿದರು. ಒತ್ತಿದ ನೂರರಲ್ಲಿ ಮೂವರು ಕೊಂಡರು. ಕುರ್ತಾದ ಬೆಲೆ 500 ರೂಪಾಯಿ, ಕಮಿಷನ್ ಶೇ 6 ಎಂದರೆ ತಲಾ 30 ರೂಪಾಯಿ, ಒಟ್ಟು 90. ಅಳತೆ ಸರಿಯಿಲ್ಲವೆಂದು ಒಬ್ಬರು ವಾಪಸು ಕಳಿಸಿದರೆ ಉಳಿಯುವುದು 60. ಇವೆಲ್ಲ ಉದಾಹರಣೆಗೆ ಹಿಡಿದ ಅಂಕಿಗಳು. ನಿಮ್ಮ ಅಂದಾಜಿನ ಅಂಕಿ ಹಾಕಿಯೂ ಲೆಕ್ಕ ಮಾಡಬಹುದು. ಈ ಲೆಕ್ಕದ ಪ್ರಕಾರ ತಿಂಗಳಿಗೆ ಹತ್ತು ಸಾವಿರ ರೂಪಾಯಿ ದುಡಿಯಲು ಇಂಥ 160ಕ್ಕೂ ಹೆಚ್ಚು ರೀಲ್ಸ್ ಬೇಕು.

ಆಸೆ ಹತ್ತು ಸಾವಿರದ್ದು, ಕೈಗೆ ಬರುವುದು ಅರವತ್ತು. ನಡುವಿನ ಈ ಅಂತರವನ್ನು ತುಂಬಲು ಎರಡು ಬಗೆಯ ಜನ ಕಾದಿರುತ್ತಾರೆ. ಒಬ್ಬರು, ಗಳಿಸುವುದನ್ನು ಕಲಿಸುತ್ತೇವೆಂದು ದುಡ್ಡು ಕೇಳುವವರು. ಇನ್ನೊಬ್ಬರು, ಯಾರೂ ಪರೀಕ್ಷಿಸದ ಸರಕಿಗೆ ದೊಡ್ಡ ಕಮಿಷನ್ ಕೊಡುವವರು. ರಾಯಚೂರು, ದೇವದುರ್ಗ, ಮಾನ್ವಿಯಂಥ ಊರುಗಳಿಗೆ ಬರಲಿರುವ ಹಾನಿ ಈ ಎರಡು ಬಾಗಿಲುಗಳಿಂದಲೇ ಬರುತ್ತದೆ ಎನ್ನುವುದಕ್ಕೆ ಬೇರೆಡೆ ದಾಖಲಾದ ಸಾಕ್ಷ್ಯಗಳಿವೆ.

ಅಂಗಡಿ ನಮ್ಮದು, ಬೀಗ ಅವರದು

ಅಮೆಜಾನ್‌ನ ಇನ್‌ಫ್ಲುಯೆನ್ಸರ್ ಕಾರ್ಯಕ್ರಮಕ್ಕೆ ಸೇರಿದವರಿಗೆ ಅಮೆಜಾನ್ ಒಳಗೇ ತಮ್ಮ ಹೆಸರಿನ ಪುಟ ಸಿಗುತ್ತದೆ. ಅದೇ ಸ್ಟೋರ್‌ಫ್ರಂಟ್. ಯೂಟ್ಯೂಬ್ ಕೂಡ 2024ರ ಅಕ್ಟೋಬರಿನಲ್ಲಿ ಫ್ಲಿಪ್‌ಕಾರ್ಟ್ ಮತ್ತು ಮಿಂತ್ರಾ ಜೊತೆ ಸೇರಿ ಭಾರತದಲ್ಲಿ ಅಫಿಲಿಯೇಟ್ ವ್ಯವಸ್ಥೆ, ಅಂದರೆ ಲಿಂಕಿನ ಮೂಲಕ ಮಾರಾಟವಾದರೆ ಕಮಿಷನ್ ಕೊಡುವ ವ್ಯವಸ್ಥೆ, ತೆರೆಯಿತು. ಲಿಂಕಿನೊಳಗೆ ನಮ್ಮ ಗುರುತಿನ ಸಂಕೇತವಿರುತ್ತದೆ. ಅದನ್ನು ಒತ್ತಿದವರ ಫೋನಿನಲ್ಲಿ ಕುಕಿ ಎಂಬ ಸಣ್ಣ ದಾಖಲೆ ಉಳಿಯುತ್ತದೆ. ಅಮೆಜಾನ್ ಅಫಿಲಿಯೇಟ್ ಲಿಂಕಿಗೆ ಸಾಮಾನ್ಯವಾಗಿ ಅದರ ಆಯುಸ್ಸು 24 ಗಂಟೆ. ಅಷ್ಟರೊಳಗೆ ಕೊಳ್ಳುವವರು ಇನ್ನೊಬ್ಬರ ಲಿಂಕ್ ಒತ್ತಿದರೆ ಕಮಿಷನ್ ಅವರ ಪಾಲು. ಕೊನೆಯ ಕ್ಲಿಕ್ಕು ಯಾರದೋ ದುಡ್ಡು ಅವರದು ಎಂಬುದೇ ಈ ವ್ಯಾಪಾರದ ಮೂಲ ನಿಯಮ.

ನಿಯಮ ಬದಲಿಸುವ ಅಧಿಕಾರ ಅಂಗಡಿ ಇಟ್ಟವರ ಬಳಿ ಇಲ್ಲ. 2020ರ ಏಪ್ರಿಲ್ 21ರಿಂದ ಅಮೆರಿಕದಲ್ಲಿ ಅಮೆಜಾನ್ ಪೀಠೋಪಕರಣಗಳ ಕಮಿಷನ್ನನ್ನು ಶೇ 8ರಿಂದ 3ಕ್ಕೆ, ದಿನಸಿಯದನ್ನು ಶೇ 5ರಿಂದ 1ಕ್ಕೆ ಇಳಿಸಿತು. ಅದೇ ವರ್ಷ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಅಲ್ಲಿ ವರ್ಷಗಟ್ಟಲೆ ಕೂಡಿಸಿದ ನೋಡುಗರು ಒಂದೇ ರಾತ್ರಿಗೆ ಕೈತಪ್ಪಿ ಹೋದರು. ಪೇಪಾಲ್ ಕಂಪನಿ 2020ರಲ್ಲಿ ಸುಮಾರು 400 ಕೋಟಿ ಡಾಲರಿಗೆ ಕೊಂಡ ‘ಹನಿ’ ಎಂಬ ಕೂಪನ್ ತಂತ್ರಾಂಶದ ಮೇಲೆ 2024ರ ಡಿಸೆಂಬರಿನಲ್ಲಿ ಕೇಳಿಬಂದ ಆರೋಪವೂ ಇಂಥದ್ದೇ: ಹಣ ಪಾವತಿಸುವ ಕೊನೆಯ ಗಳಿಗೆಯಲ್ಲಿ ಅದು ಇನ್‌ಫ್ಲುಯೆನ್ಸರ್‌ಗಳ ಸಂಕೇತ ತೆಗೆದು ತನ್ನದನ್ನು ಇಡುತ್ತಿತ್ತು ಎಂಬುದು. ಲಕ್ಷಾಂತರ ಹಿಂಬಾಲಕರಿರುವವರೇ ಕೋರ್ಟಿಗೆ ಹೋಗಬೇಕಾಯಿತು.

ಕಮಿಷನ್ ಮೊದಲು, ಹಾನಿ ಆಮೇಲೆ

ಮೊಬೈಲಿನಂಥ ಹೆಸರಿರುವ ಸರಕಿಗೆ ಕಮಿಷನ್ ಕಡಿಮೆ. ಬಟ್ಟೆ, ಸೌಂದರ್ಯವರ್ಧಕಗಳಿಗೆ ಹೆಚ್ಚು. ಜನ ತಾವಾಗಿ ಕೇಳದ ಸರಕನ್ನು ಮಾರಲು ಯಾರಾದರೂ ಪರಿಚಿತರು ಬಾಯಿಬಿಟ್ಟು ಹೊಗಳಲೇಬೇಕು. ಅರವತ್ತು ರೂಪಾಯಿ ನೋಡಿ ಬೇಸತ್ತವರು ನಿಧಾನವಾಗಿ ಅತ್ತ ವಾಲುವುದು ಸಹಜ.

ವಾಲಿದರೆ ಏನಾಗಬಹುದು? ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನ ಆಸ್ಟರ್ ಮಿಮ್ಸ್ ಆಸ್ಪತ್ರೆಯ ಮೂತ್ರಪಿಂಡ ತಜ್ಞರು 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿ ಎಂಬ ಕಾಯಿಲೆಯ 22 ರೋಗಿಗಳನ್ನು ಪರೀಕ್ಷಿಸಿದರು. ಮೂತ್ರದಲ್ಲಿ ಪ್ರೋಟೀನು ಸೋರಿ ಮೈ ಬಾವು ಬರುವ ಕಾಯಿಲೆ ಇದು. 15 ಜನರಲ್ಲಿ ನೆಲ್-1 ಎಂಬ ಅಪರೂಪದ ಗುರುತು ಸಿಕ್ಕಿತು. ವೈದ್ಯರು ಕೆದಕಿ ಕೇಳಿದಾಗ ಆ 15ರಲ್ಲಿ 13 ಮಂದಿ ಮುಖ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದೆವು ಎಂದರು. ಕ್ರೀಮ್ ಬಿಟ್ಟ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ‘ಕಿಡ್ನಿ ಇಂಟರ್‌ನ್ಯಾಷನಲ್’ ಪತ್ರಿಕೆಯಲ್ಲಿ ಈ ಅಧ್ಯಯನ ಪ್ರಕಟವಾಯಿತು. ಇಂಥ ಕ್ರೀಮಿನಲ್ಲಿ ಶಂಕಿತ ವಿಷ ಪಾದರಸ. ಭಾರತದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ, ಕಣ್ಣಿನ ಭಾಗದ ಪ್ರಸಾಧನ ಬಿಟ್ಟರೆ ಉಳಿದವುಗಳಲ್ಲಿ ಅರಿವಿಲ್ಲದೆ ಸೇರಿದ ಪಾದರಸವೂ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ ಮೀರುವಂತಿಲ್ಲ.

ಆ ರೋಗಿಗಳಿಗೆ ಕ್ರೀಮ್ ಅಫಿಲಿಯೇಟ್ ಲಿಂಕಿನಿಂದಲೇ ಬಂತು ಎಂದು ಹೇಳುತ್ತಿಲ್ಲ. ಗಮನಿಸಬೇಕಾದದ್ದು ಪಾದರಸ ಕೆಲಸ ಮಾಡುವ ಕ್ರಮವನ್ನು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಗೆ ಟೈರೋಸಿನೇಸ್ ಎಂಬ ಕಿಣ್ವ ಬೇಕು. ಪಾದರಸ ಅದನ್ನು ತಡೆಯುತ್ತದೆ, ಹಾಗಾಗಿ ಮುಖ ನಿಜಕ್ಕೂ ಬೆಳ್ಳಗಾಗುತ್ತದೆ. ‘ನಾನೇ ಹಚ್ಚಿ ನೋಡೀನಿ’ ಎನ್ನುವ ಹುಡುಗಿ ಸುಳ್ಳು ಹೇಳುತ್ತಿರುವುದಿಲ್ಲ. ಗುಣ ಕನ್ನಡಿಯಲ್ಲಿ ಬೇಗ ಕಾಣುತ್ತದೆ, ಕೆಡುಕು ಮೂತ್ರಪಿಂಡದಲ್ಲಿ ಸದ್ದಿಲ್ಲದೆ ಬೆಳೆಯುತ್ತದೆ. ಸರಕು ವಾಪಸು ಕಳಿಸುವ ಅವಧಿ ಮುಗಿದರೆ ಕಮಿಷನ್ ಪಕ್ಕಾ. ಕಾಲು ಬಾತುಕೊಳ್ಳುವ ಹೊತ್ತಿಗೆ ಆ ದುಡ್ಡು ಖರ್ಚೂ ಆಗಿರುತ್ತದೆ. ಹಾನಿ ತೋರುವ ಮುನ್ನವೇ ಪ್ರತಿಫಲ ಕೊಟ್ಟು ಮುಗಿಸುವ ಈ ವ್ಯವಸ್ಥೆಯಲ್ಲಿ, ಮಾರುವವರ ಪ್ರಾಮಾಣಿಕತೆಯೊಂದೇ ಕೊಳ್ಳುವವರನ್ನು ಕಾಯಲಾರದು.

ಇದೇ ಅಪಾಯ ನಮ್ಮ ಹೊಲಗಳಿಗೂ ಇದೆ. 2021ರಲ್ಲಿ ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಹೊರನಾಡಿನ ನುಸಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನಕಾಯಿ ಹೊಲಗಳಿಗೆ ನುಗ್ಗಿತು. ಅಂಥ ಹೊತ್ತಿನಲ್ಲಿ ರೈತ ಯಾರು ಏನು ಹೇಳಿದರೂ ಆ ‘ಎಣ್ಣಿ’ (ಕೀಟನಾಶಕ) ತಂದು ಹೊಡೆಯುತ್ತಾನೆ. ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ 2025ರ ಜುಲೈನಲ್ಲಿ ಹೇಳಿದಂತೆ, ದೇಶದಲ್ಲಿ ಹಿಂದೆ ಸುಮಾರು 30,000 ಜೈವಿಕ ಉತ್ತೇಜಕಗಳು ಲಂಗುಲಗಾಮಿಲ್ಲದೆ ಮಾರಾಟವಾಗುತ್ತಿದ್ದವು. ಆಮೇಲೆ ಅವು ಸುಮಾರು 8,000ಕ್ಕೆ, ಬಿಗಿ ತಪಾಸಣೆಯ ನಂತರ ಸುಮಾರು 650ಕ್ಕೆ ಇಳಿದವು. ರೈತರು ‘ಟಾನಿಕ್’ ಎನ್ನುವುದು ಇಂಥವನ್ನೇ. ಅಂಗಡಿಯ ಹಲಗೆಯಿಂದ ಕೆಳಗಿಳಿದ ಸರಕಿಗೆ ಫೋನಿನ ಪರದೆ ಸುಲಭದ ಜಾಗ. ಟಾನಿಕ್ ಹೊಡೆದ ವಾರಕ್ಕೆ ಮಳೆಯಾಗಿ ಬೆಳೆ ಹಸಿರಾದರೂ ಹೆಸರು ಟಾನಿಕ್ಕಿಗೆ. ಪಕ್ಕದಲ್ಲಿ ಹೊಡೆಯದೆ ಬಿಟ್ಟ ನಾಲ್ಕು ಸಾಲು ತೋರಿಸುವ ರೀಲ್ಸ್ ಯಾರೂ ಮಾಡುವುದಿಲ್ಲ.

ಇಲ್ಲಿಯೇ ಅಪಾಯ ಏಕೆ ಹೆಚ್ಚು?

ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ದೇವದುರ್ಗವೂ ಇದೆ, ಮಾನ್ವಿಯೂ ಇದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದರೆ ರಾಯಚೂರು ಜಿಲ್ಲೆಯದು ಶೇ 59.56, ಮಹಿಳೆಯರದು ಅರ್ಧಕ್ಕಿಂತ ಕಡಿಮೆ. ಡಬ್ಬಿಯ ಮೇಲಿನ ಇಂಗ್ಲಿಷ್ ಅಕ್ಷರ ಓದಲಾಗದವರಿಗೆ ವಿಡಿಯೋದಲ್ಲಿನ ಗುರುತಿನ ಮುಖ, ನಮ್ಮ ಸೀಮೆಯ ಮಾತು ಇವೇ ಗ್ಯಾರಂಟಿ. ಸಣ್ಣ ಊರಿನ ಸ್ಟೋರ್‌ಫ್ರಂಟಿಗೆ ಮೊದಲ ಗಿರಾಕಿಗಳು ಓಣಿಯವರು, ಬೀಗರು, ಸಂಘದ ಅಕ್ಕಂದಿರು. ದೊಡ್ಡ ಇನ್‌ಫ್ಲುಯೆನ್ಸರ್ ಕಳೆದುಕೊಳ್ಳುವುದು ಅಪರಿಚಿತ ಹಿಂಬಾಲಕರನ್ನು. ಇಲ್ಲಿನವರು ಸಂಬಂಧವನ್ನೇ ಕಳೆದುಕೊಳ್ಳಬೇಕಾಗುತ್ತದೆ.

ಕಮಿಷನ್ ಇದೆ ಎಂದು ಹೇಳಿದರೆ ಜನ ಎಚ್ಚರವಾಗಬಹುದಲ್ಲ? ಹೇಳುವವರೇ ಕಡಿಮೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಸುಮಾರು ಐದು ಲಕ್ಷ ಯೂಟ್ಯೂಬ್ ವಿಡಿಯೋ ಮತ್ತು 21 ಲಕ್ಷ ಪಿಂಟರೆಸ್ಟ್ ಪಿನ್‌ಗಳನ್ನು ಜಾಲಾಡಿದಾಗ, ಅಫಿಲಿಯೇಟ್ ಲಿಂಕ್ ಇದ್ದವುಗಳಲ್ಲಿ ಅದನ್ನು ಒಪ್ಪಿಕೊಂಡವು ಶೇ 10ರಷ್ಟು ಮಾತ್ರ. ಯುರೋಪಿಯನ್ ಕಮಿಷನ್ 2024ರಲ್ಲಿ ಪ್ರಕಟಿಸಿದ 576 ಇನ್‌ಫ್ಲುಯೆನ್ಸರ್‌ಗಳ ತಪಾಸಣೆಯಲ್ಲಿ ಶೇ 97 ಮಂದಿ ವಾಣಿಜ್ಯ ವಿಷಯ ಹಾಕುತ್ತಿದ್ದರು; ಅದನ್ನು ತಪ್ಪದೆ ತಿಳಿಸುತ್ತಿದ್ದವರು ಐವರಲ್ಲಿ ಒಬ್ಬರು.

ಭಾರತದಲ್ಲಿ ಇದು ಸೌಜನ್ಯದ ಮಾತಾಗಿ ಉಳಿದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ, ಅದನ್ನು ಅನುಮೋದಿಸಿದವರಿಗೂ, ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡವಿದೆ. ಒಂದು ವರ್ಷ, ಪುನರಾವರ್ತನೆಯಾದರೆ ಮೂರು ವರ್ಷದವರೆಗೆ ಅನುಮೋದನೆ ಮಾಡದಂತೆ ತಡೆಯಬಹುದು. 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ ಸೂಚನೆಯಂತೆ, ವಿಡಿಯೋದಲ್ಲಿ ಹಣದ ಸಂಬಂಧವನ್ನು ಬಾಯಲ್ಲೂ ಹೇಳಬೇಕು, ಪರದೆಯ ಮೇಲೂ ತೋರಿಸಬೇಕು. ಸರಕಿನ ಬಗೆಗಿನ ಮಾತು ನಿಜವೇ ಎಂದು ಮೊದಲೇ ಸರಿಯಾಗಿ ಪರಿಶೀಲಿಸಿದವರಿಗೆ ಕಾಯ್ದೆ ರಕ್ಷಣೆ ಕೊಡುತ್ತದೆ. ಪರಿಶೀಲಿಸಿದ ದಾಖಲೆ ಇಟ್ಟುಕೊಂಡ ಸ್ಟೋರ್‌ಫ್ರಂಟ್‌ಗಳು ಎಷ್ಟಿದ್ದಾವು?

ಕಲಿಸುವ ನೆಪದ ವಸೂಲಿ

ಇನ್ನೊಂದು ಬಾಗಿಲಿನ ಕಥೆ ಹಳೆಯದು. ‘ನೂರು ಜನರಿಗೆ ಈ ಕೋರ್ಸ್ ಮಾರಿ, ಕಮಿಷನ್ ಪಡೆಯಿರಿ’ ಎನ್ನುವ ಕೋರ್ಸಿನಲ್ಲಿ ಕಲಿಸುವುದೂ ಅದೇ ಕೋರ್ಸ್ ಮಾರುವುದನ್ನು. ಹೊಸಬರು ಕಟ್ಟಿದ ಶುಲ್ಕವೇ ಹಳಬರ ಗಳಿಕೆಯಾದರೆ ಅದು ಪಿರಮಿಡ್; 2021ರ ನೇರ ಮಾರಾಟ ನಿಯಮಗಳು ಅದನ್ನು ನಿಷೇಧಿಸಿವೆ. ಎಐ ನೆರವಿನಿಂದ ಆನ್‌ಲೈನ್ ಅಂಗಡಿ ತೆರೆದುಕೊಡುತ್ತೇವೆಂದು ನಂಬಿಸಿ ಜನರಿಂದ ಕನಿಷ್ಠ 2.5 ಕೋಟಿ ಡಾಲರ್ ಪಡೆದ ಆರೋಪದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಸೆಪ್ಟೆಂಬರಿನಲ್ಲಿ ಅಸೆಂಡ್ ಎಂಬ ಸಂಸ್ಥೆಯ ವಿರುದ್ಧ ಮೊಕದ್ದಮೆ ಹೂಡಿತು. ನಮ್ಮಲ್ಲಿ ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಸಮನ್ವಯ ಕೇಂದ್ರದ ಶಿಫಾರಸಿನಂತೆ 2023ರ ಡಿಸೆಂಬರಿನಲ್ಲಿ ಪಾರ್ಟ್ ಟೈಮ್ ಕೆಲಸದ ಹೆಸರಿನ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ಮುಚ್ಚಲಾಯಿತು. ಇಂಥ ವಂಚಕರ ಗುರಿ ನಿವೃತ್ತರು, ಮಹಿಳೆಯರು, ಕೆಲಸವಿಲ್ಲದ ಯುವಕರು. ಮೊದಲು ಸಣ್ಣ ಕಮಿಷನ್ ಖಾತೆಗೆ ಬರುತ್ತದೆ, ಆಮೇಲೆ ‘ದೊಡ್ಡ ಟಾಸ್ಕ್’ಗೆ ಹಣ ಕಟ್ಟಿಸಿಕೊಳ್ಳುತ್ತಾರೆ. ‘ಪೇಮೆಂಟ್ ಬರಲು ನಿಮ್ಮ ಖಾತೆ ಕೊಡಿ’ ಎಂದು ಪಾಸ್‌ಬುಕ್, ಸಿಮ್ ಪಡೆದರೆ ಅದು ಕದ್ದ ಹಣ ಸಾಗಿಸುವ ಖಾತೆಯಾಗಬಹುದು. ಆಗ ಪೊಲೀಸರು ಹುಡುಕಿಕೊಂಡು ಬರುವುದು ಖಾತೆದಾರರನ್ನೇ. 2023ರಲ್ಲಿ 7,465 ಕೋಟಿ ರೂಪಾಯಿ ಇದ್ದ ದೇಶದ ಸೈಬರ್ ವಂಚನೆಯ ನಷ್ಟ 2024ರಲ್ಲಿ 22,845 ಕೋಟಿಗೆ ಏರಿತು.

ಹಾಗೆಂದು ಸ್ಟೋರ್‌ಫ್ರಂಟ್ ತೆರೆಯಲೇಬಾರದು ಎಂದಲ್ಲ. ಬಟ್ಟೆ, ಪಾತ್ರೆ, ಪುಸ್ತಕದ ಲಿಂಕ್ ಹಾಕಿ ಕೈಖರ್ಚಿಗಾಗುವಷ್ಟು ದುಡಿಯುವುದರಲ್ಲಿ ತಪ್ಪಿಲ್ಲ. ಮೈಗೆ ಹಚ್ಚುವ, ಹೊಟ್ಟೆಗೆ ಹೋಗುವ, ಹೊಲಕ್ಕೆ ಹೊಡೆಯುವ ಸರಕನ್ನು ಮಾತ್ರ ತಯಾರಕರ ವಿಳಾಸ ಮತ್ತು ಪರವಾನಗಿ ಸಂಖ್ಯೆ ನೋಡದೆ ಪಟ್ಟಿಗೆ ಸೇರಿಸಬಾರದು. ಸೇರಲು ಶುಲ್ಕ ಕೇಳುವ ಯಾವ ಕಾರ್ಯಕ್ರಮಕ್ಕೂ ಹೋಗಬಾರದು. ‘ಈ ಲಿಂಕಿನಿಂದ ನನಗ ಕಮಿಷನ್ ಬರ್ತದ’ ಎಂದು ನಮ್ಮ ಮಾತಿನಲ್ಲೇ ಹೇಳಬೇಕು. ಮೋಸಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಕೋಟಕ್ಕಲ್‌ನ ವೈದ್ಯರಿಗೆ ಕಾರಣ ಸಿಕ್ಕಿದ್ದು ಅವರು ಕೇಳಿದ್ದರಿಂದ. ರಾಯಚೂರಿನ ರಿಮ್ಸ್‌ನಲ್ಲಿ ಮೈ ಬಾತು ಬಂದ ಯುವತಿಗೆ ‘ಯಾವ ಕ್ರೀಮ್, ಎಲ್ಲಿಂದ ತರಿಸಿದಿರಿ?’ ಎಂದು, ರೈತ ಸಂಪರ್ಕ ಕೇಂದ್ರದಲ್ಲಿ ಬೆಳೆ ಕೆಟ್ಟವರಿಗೆ ‘ಯಾವ ಟಾನಿಕ್, ಯಾರು ಹೇಳಿದರು?’ ಎಂದು, ಪೊಲೀಸ್ ಠಾಣೆಯಲ್ಲಿ ದುಡ್ಡು ಕಳೆದುಕೊಂಡವರಿಗೆ ‘ಲಿಂಕ್ ಕಳಿಸಿದವರು ಯಾರು?’ ಎಂದು ಕೇಳಿ ಬರೆದಿಡಬೇಕು. ಒಂದು ವರ್ಷದ ಈ ದಾಖಲೆ ಕೂಡಿಸಿ ನೋಡಿದರೆ ಅಪಾಯ ಯಾವ ಸರಕಿನಲ್ಲಿ, ಯಾವ ತಾಲ್ಲೂಕಿನಲ್ಲಿ ಎಂಬುದು ಗೊತ್ತಾಗುತ್ತದೆ. ಇದಕ್ಕೆ ಹೊಸ ಕಾನೂನು ಬೇಡ, ದೊಡ್ಡ ಅನುದಾನವೂ ಬೇಡ. ಜಿಲ್ಲಾಡಳಿತದ ಒಂದು ಸುತ್ತೋಲೆ ಸಾಕು.