ಹಳೇ ಮಿಲ್ಲಿಂಗ್ ಮೆಷಿನ್ನು ಕಂಪ್ಯೂಟರಿನ ಮಾತು ಕೇಳುವುದು ಹೇಗೆ?

ಹೇಮಗಿರಿಯಲ್ಲಿ ಹೇಮಾವತಿ ನದಿಗೆ ಕಟ್ಟಿದ ಅಣೆಯಿಂದ ನಾಲೆಗೆ ನೀರು ಹರಿಯುತ್ತದೆ. ನಾಲೆಯ ತೂಬುಗಳನ್ನು ನಮ್ಮಲ್ಲಿ ಎಷ್ಟೋ ಕಡೆ ಇವತ್ತಿಗೂ ಕೈಯಲ್ಲೇ ಎತ್ತುತ್ತಾರೆ. ಮೇಲಿನ ಚಕ್ರ ತಿರುಗಿಸಿದರೆ ಥ್ರೆಡ್ ಇರುವ ಉದ್ದನೆಯ ಸಲಾಕೆ ಮೇಲೇಳುತ್ತದೆ, ಜೊತೆಗೆ ಬಾಗಿಲೂ ಏಳುತ್ತದೆ. ಕೈ ಬಿಟ್ಟರೂ ಬಾಗಿಲು ಜಾರುವುದಿಲ್ಲ. ಮಿಲ್ಲಿಂಗ್ ಮೆಷಿನ್ನಿನ ಹೊಟ್ಟೆಯೊಳಗೆ ಇರುವುದೂ ಇದೇ ಯುಕ್ತಿ.

ಕಬ್ಬಿನ ಗಾಣದ ಶಾಫ್ಟಿಗೆ ಕೀ-ವೇ (ಕೀ ಕೂರುವ ಸೀಳು) ತೆಗೆಯಬೇಕು, ಪಂಪಿನ ಯಾವುದೋ ಭಾಗದ ಮುಖವನ್ನು ಸಪಾಟು ಮಾಡಬೇಕು ಅಂದರೆ ಈ ಯಂತ್ರ ಬೇಕು. ಲೇತಿನಲ್ಲಿ ಜಾಬ್, ಅಂದರೆ ಕೊರೆಯಬೇಕಾದ ತುಂಡು, ತಿರುಗುತ್ತದೆ. ಇಲ್ಲಿ ತಿರುಗುವುದು ಕಟರ್. ಜಾಬ್ ಕಟ್ಟಿದ ಟೇಬಲ್ ಎಡಕ್ಕೆ ಬಲಕ್ಕೆ, ಹಿಂದಕ್ಕೆ ಮುಂದಕ್ಕೆ, ಮೇಲಕ್ಕೆ ಕೆಳಕ್ಕೆ ಸರಿಯುತ್ತದೆ. ಮೂರು ದಾರಿಗೆ ಮೂರು ಹ್ಯಾಂಡಲ್, ಮೂರು ಸ್ಕ್ರೂ. ಇದನ್ನು ಕಂಪ್ಯೂಟರಿಗೆ ಒಪ್ಪಿಸುವುದೆಂದರೆ ಹ್ಯಾಂಡಲ್ ಇದ್ದಲ್ಲಿ ಮೋಟಾರು ಕೂರಿಸುವುದು. ಹೇಳುವುದಕ್ಕೆ ಇಷ್ಟೇ.

ಇದು ಹೊಸ ಹುಚ್ಚೂ ಅಲ್ಲ. ಹೆಲಿಕಾಪ್ಟರ್ ರೆಕ್ಕೆಗಳ ಕೆಲಸದಲ್ಲಿದ್ದ ಅಮೆರಿಕದ ಜಾನ್ ಪಾರ್ಸನ್ಸ್ ಅವರ ಆಲೋಚನೆಯ ಜಾಡು ಹಿಡಿದು ಎಂಐಟಿಯ ಪ್ರಯೋಗಾಲಯ 1952ರಲ್ಲಿ ಪಂಚ್ ಮಾಡಿದ ಕಾಗದದ ಪಟ್ಟಿಯ ಆಜ್ಞೆಯಂತೆ ಓಡುವ ಮಿಲ್ಲಿಂಗ್ ಯಂತ್ರವನ್ನು ತೋರಿಸಿತು. ಅದನ್ನೇನೂ ಹೊಸದಾಗಿ ಕಟ್ಟಿರಲಿಲ್ಲ. ಸಿನ್ಸಿನಾಟಿ ಕಂಪನಿಯ ಹೈಡ್ರೋ-ಟೆಲ್ ಎಂಬ ಯಂತ್ರವನ್ನೇ ಬದಲಾಯಿಸಿದ್ದರು. ಅಂದರೆ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರಗಳ) ವಂಶದ ಮೂಲಪುರುಷನೇ ಒಂದು ಮಾರ್ಪಾಟು! ನಮ್ಮ ಬೆಂಗಳೂರಿನಲ್ಲಿ ಎಚ್‌ಎಂಟಿ ಹುಟ್ಟಿದ್ದು 1953ರಲ್ಲಿ, ಜರ್ಮನ್ ಸಹಯೋಗದ ಬಿಎಫ್‌ಡಬ್ಲ್ಯೂ 1961ರಲ್ಲಿ. ಈ ಎರಡೂ ಕಂಪನಿಗಳ ಹಳೆಯ ಮಿಲ್ಲಿಂಗ್ ಯಂತ್ರಗಳು ಮಾರ್ಪಾಟಿಗೆ ಒಳ್ಳೆಯ ಸರಕು. ಅವುಗಳ ಬೀಡುಕಬ್ಬಿಣದ ಮೈಯಲ್ಲಿರುವ ಗ್ರಾಫೈಟ್ ಚಕ್ಕೆಗಳು ಕಟರ್‌ನ ನಡುಕವನ್ನು ನುಂಗಿಕೊಳ್ಳುತ್ತವೆ, ಮತ್ತು ಆ ಕಬ್ಬಿಣಕ್ಕೆ ಸುಲಭದಲ್ಲಿ ಮುಪ್ಪು ಬರುವುದಿಲ್ಲ.

ಮೋಟಾರಿನ ಲೆಕ್ಕ ಸರಳ. ಸಾಮಾನ್ಯ ಸ್ಟೆಪ್ಪರ್ ಮೋಟಾರು ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ಮುಗಿಸುತ್ತದೆ. ಒಂದು ಸುತ್ತಿಗೆ ಟೇಬಲ್ 5 ಮಿ.ಮೀ. ಸರಿಯುವುದಾದರೆ ಒಂದು ಹೆಜ್ಜೆಗೆ 0.025 ಮಿ.ಮೀ. ಕಾಗದದ ಮೇಲೆ ಚೆಂದವಾಗಿದೆ. ತಕರಾರು ಶುರುವಾಗುವುದು ಸ್ಕ್ರೂ ಮತ್ತು ನಟ್ಟಿನ ನಡುವಿನ ಸಡಿಲದಲ್ಲಿ. ವರ್ಕ್‌ಶಾಪಿನವರು ಇದನ್ನು ‘ಪ್ಲೇ’ ಅನ್ನುತ್ತಾರೆ. ಟೇಬಲ್ಲಿಗೆ ಡಯಲ್ ಗೇಜ್ ಹಚ್ಚಿ ಹ್ಯಾಂಡಲನ್ನು ಬಲಕ್ಕೆ ತಿರುಗಿಸಿ, ಮುಳ್ಳು ಓಡುತ್ತದೆ. ಈಗ ಎಡಕ್ಕೆ ತಿರುಗಿಸಿ. ಹ್ಯಾಂಡಲ್ ತಿರುಗುತ್ತಲೇ ಇರುತ್ತದೆ, ಮುಳ್ಳು ಮಾತ್ರ ನಿಂತಲ್ಲೇ ನಿಂತಿರುತ್ತದೆ. ಆಮೇಲೆ ಥಟ್ಟನೆ ಹೊರಡುತ್ತದೆ. ತೂಬಿನಲ್ಲಿ ಬಾಗಿಲಿನ ಭಾರ ನಟ್ಟನ್ನು ಸದಾ ಒಂದೇ ಮಗ್ಗುಲಿಗೆ ಒತ್ತುವುದರಿಂದ ಇದು ಕಾಣುವುದಿಲ್ಲ. ಅಡ್ಡಡ್ಡ ಸರಿಯುವ ಟೇಬಲ್ಲಿಗೆ ಆ ಅನುಕೂಲ ಇಲ್ಲ.

ಅನುಭವಿ ಆಪರೇಟರ್ ಅಳತೆಗಿಂತ ಸ್ವಲ್ಪ ಹಿಂದೆ ಹೋಗಿ, ಯಾವಾಗಲೂ ಒಂದೇ ಕಡೆಯಿಂದ ಅಳತೆಗೆ ಬರುತ್ತಾನೆ. ಕಂಪ್ಯೂಟರಿಗೆ ಈ ಕಸುಬು ಗೊತ್ತಿಲ್ಲ. ದಿಕ್ಕು ಬದಲಾದಾಗ ಇಷ್ಟು ಹೆಚ್ಚು ತಿರುಗಿಸು ಎಂದು ಸಾಫ್ಟ್‌ವೇರಿಗೆ ಹೇಳಿಕೊಡಬಹುದು, ಆದರೆ ಅದು ಅರ್ಧ ಔಷಧ. ಕಟರ್ ತಿರುಗುವ ದಿಕ್ಕಿಗೇ ಜಾಬ್ ಸರಿದರೆ ಹಲ್ಲು ಜಾಬನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಸಡಿಲ ಇದ್ದಷ್ಟೂ ಟೇಬಲ್ ಮುಂದಕ್ಕೆ ಹಾರಿ, ಹಲ್ಲು ಮುರಿಯುತ್ತದೆ. ಹಳಬರು ಕಟರ್‌ಗೆ ಎದುರಾಗಿ ಜಾಬ್ ಕೊಡುತ್ತಿದ್ದುದು ಅದಕ್ಕೇ. ಸಿಎನ್‌ಸಿ ಪ್ರೋಗ್ರಾಮುಗಳು ಬಹುಪಾಲು ಆ ಅಪಾಯದ ದಿಕ್ಕಿನಲ್ಲೇ ಕೊರೆಯುತ್ತವೆ, ಯಾಕೆಂದರೆ ಮೈ ನಯವಾಗಿ ಬರುತ್ತದೆ.

ಪರಿಹಾರ ಬಾಲ್ ಸ್ಕ್ರೂ. ನಟ್ಟಿನೊಳಗೆ ಉಕ್ಕಿನ ಗುಂಡುಗಳು ಉರುಳುತ್ತವೆ; ಬಿಗಿ ಸರಿಯಾಗಿ ಕೊಟ್ಟರೆ ಸಡಿಲ ಹೆಚ್ಚುಕಡಿಮೆ ಮಾಯ. ಹಳೇ ಸ್ಕ್ರೂವಿನಲ್ಲಿ ತಿರುಗಿಸುವ ಶ್ರಮದ ಅರ್ಧಕ್ಕಿಂತ ಹೆಚ್ಚು ಉಜ್ಜಾಟಕ್ಕೇ ಹೋದರೆ ಇಲ್ಲಿ ಸುಮಾರು ಶೇ. 90 ಕೆಲಸಕ್ಕೆ ದಕ್ಕುತ್ತದೆ. ಆದರೆ ಉಜ್ಜಾಟ ಹೋದ ಮೇಲೆ ಕೈ ಬಿಟ್ಟರೂ ನಿಲ್ಲುವ ಗುಣವೂ ಹೋಯಿತು. ಕರೆಂಟು ಹೋದ ಕ್ಷಣ ಮೇಲೆ ಕೆಳಗೆ ಸರಿಯುವ ಭಾಗ ತನ್ನ ಭಾರಕ್ಕೆ ತಾನೇ ಜಾರಬಹುದು. ಕರೆಂಟನ್ನು ನಂಬಲಾಗದ ಊರುಗಳಲ್ಲಿ ಆ ದಿಕ್ಕಿಗೆ ಬ್ರೇಕ್ ಇರುವ ಮೋಟಾರೇ ಬೇಕು. ಕರೆಂಟು ಬಂದ ಮೇಲೆ ಯಂತ್ರಕ್ಕೆ ತಾನೆಲ್ಲಿದ್ದೇನೆ ಎಂಬುದೂ ಮರೆತಿರುತ್ತದೆ. ಆರಂಭದ ಜಾಗ ಗುರುತಿಸುವ ಹೋಮ್ ಸ್ವಿಚ್ ಮುಟ್ಟಿಸಿಯೇ ಮುಂದುವರಿಯಬೇಕು. ಉಳಿದ ಎಲೆಕ್ಟ್ರಾನಿಕ್ಸ್ ಈಗ ದೊಡ್ಡ ಸಂಗತಿಯಲ್ಲ. ಲಿನಕ್ಸ್‌ಸಿಎನ್‌ಸಿ ಎಂಬ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತದೆ.

ಕೃಷ್ಣರಾಜಪೇಟೆಯಲ್ಲೋ ಪಾಂಡವಪುರದಲ್ಲೋ ದಿನಕ್ಕೊಂದು ಗಾಣದ ಶಾಫ್ಟ್ ರಿಪೇರಿ ಮಾಡುವವರಿಗೆ ಇದೆಲ್ಲ ಬೇಡ ಎಂದೇ ನನ್ನ ಅಭಿಪ್ರಾಯ. ಒಂದು ಕೀ-ವೇಗೆ ಪ್ರೋಗ್ರಾಂ ಬರೆಯುವಷ್ಟರಲ್ಲಿ ಕೈಯಲ್ಲಿ ಕೆಲಸ ಮುಗಿದಿರುತ್ತದೆ. ಒಂದೇ ಜಾಬ್ ನೂರಾರು ಬೇಕಾದಾಗ, ಇಲ್ಲವೇ ಹ್ಯಾಂಡಲಿಗೆ ಸಿಗದ ವಕ್ರ ಆಕಾರ ಬೇಕಾದಾಗ ಹಾಕಿದ ಖರ್ಚು ಹುಟ್ಟುತ್ತದೆ. ಆಗಲೂ ಮೋಟಾರಿಗೆ ದುಡ್ಡು ಕೊಡುವ ಮೊದಲು ಟೇಬಲ್ಲನ್ನು ಈ ತುದಿಯಿಂದ ಆ ತುದಿಗೆ ಓಡಿಸಿ ನೋಡಿ. ನಡುವೆ ಸಡಿಲ, ತುದಿಗಳಲ್ಲಿ ಬಿಗಿ ಎಂದಾದರೆ ಜಾರುವ ಮೈ ಸವೆದಿದೆ ಎಂದೇ ಅರ್ಥ; ಮೊದಲು ಅದನ್ನು ಕೆರೆದು ಸಪಾಟು ಮಾಡುವ ಸ್ಕ್ರೇಪಿಂಗ್ ಮಾಡಿಸಿ, ಆಮೇಲೆ ಮೋಟಾರು ತನ್ನಿ.