ಗಿಡದಲ್ಲೇ ಮಾಗುವ ಸವಿ

ತೈವಾನ್ ದ್ವೀಪದ ಮಿಯಾವ್‌ಲಿ ಸೀಮೆಯಲ್ಲಿ ದಾಹು ಎಂಬುದೊಂದು ಬೆಟ್ಟದೂರು. ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೆ ತುಸು ಉತ್ತರದ ಈ ಬೆಚ್ಚನೆಯ ನಾಡಿನಲ್ಲಿ ಸ್ಟ್ರಾಬೆರಿಗೆ ಚಳಿಗಾಲವೇ ಸುಗ್ಗಿ. ಆಗ ನಗರದ ಸಂಸಾರಗಳು ಮಕ್ಕಳೊಡನೆ ತೋಟಗಳಿಗೆ ಬಂದು, ಸಾಲುಗಳ ನಡುವೆ ಬಾಗಿ ತಾವೇ ಹಣ್ಣು ಬಿಡಿಸಿಕೊಂಡು, ತೂಕಕ್ಕೆ ತಕ್ಕ ಬೆಲೆ ತೆರುತ್ತವೆ.

ಇದು ಬರಿಯ ವಿನೋದವಲ್ಲ. ಮಾವಿನಕಾಯಿಯನ್ನು ಅಡೆಹಾಕಿ ಹಣ್ಣಾಗಿಸುವ ನಮಗೆ ಸ್ಟ್ರಾಬೆರಿಯ ಸ್ವಭಾವ ಹೊಸದು. ಕೊಯ್ದ ಮೇಲೆ ಅದರ ಕೆಂಪು ಏರಬಹುದು, ಸವಿ ಏರದು. ಬಲು ಮೃದುವಾದುದರಿಂದ ದೂರದ ಪೇಟೆಗೆ ಹೋಗುವುದನ್ನು ಪೂರ್ತಿ ಮಾಗುವ ಮುನ್ನವೇ ಕೀಳುವುದುಂಟು. ತೋಟದಲ್ಲಾದರೋ ತೊಟ್ಟಿನವರೆಗೂ ಕೆಂಪಾದುದನ್ನೇ ಆರಿಸಬಹುದು. ಅರೆಬಿಳುಪಿನದನ್ನು ಅವಸರದಿಂದ ಕಿತ್ತ ಮಗುವಿಗೆ ಅದರ ಹುಳಿಯೇ ಗುರು. ಕೀಳದೆ ಬಿಟ್ಟುದು, ಮುಂದೆ ಬರುವವರ ಪಾಲಿಗೆ ಸಿಹಿಯಾಗುತ್ತದೆ.