ಸಹಾಯಕನ ಕುರ್ಚಿ

2012ನೆಯ ಇಸವಿಯ ಜನವರಿ 4ರ ರಾತ್ರಿ ಅಮೆರಿಕದ ಫ್ಲಾರಿಡಾ ಸಂಸ್ಥಾನದಲ್ಲಿ ನಡೆದ ಆರೆಂಜ್ ಬೌಲ್ ಫುಟ್‌ಬಾಲ್ ಪಂದ್ಯದಲ್ಲಿ ಒಂದು ಸಣ್ಣ ಪ್ರಹಸನವೇ ಜರುಗಿತು. ಕ್ಲೆಮ್ಸನ್ ವಿಶ್ವವಿದ್ಯಾಲಯದ ಆಟಗಾರನು ಎದುರಾಳಿಯ ಕೊನೆಯ ಗೆರೆಯನ್ನು ಇನ್ನೇನು ಮುಟ್ಟಿದನೆನ್ನುವಷ್ಟರಲ್ಲಿ ಅವನ ಕೈಯಿಂದ ಜಾರಿದ ಚೆಂಡನ್ನು, ವೆಸ್ಟ್ ವರ್ಜೀನಿಯಾದ ಡಾರ್ವಿನ್ ಕುಕ್ ಎಂಬ ತರುಣನು ಹಿಡಿದು, 99 ಗಜಗಳಷ್ಟು ದೂರ ಓಡಿ, ಆಚೆಯ ಗೆರೆಯನ್ನು ದಾಟಿದ ಮೇಲೂ ವೇಗವನ್ನು ತಡೆಯಲಾರದೆ, ಅಲ್ಲಿ ಕಿತ್ತಳೆಹಣ್ಣಿನ ವೇಷ ತೊಟ್ಟು ನಿಂತಿದ್ದ ವಿನೋದಮೂರ್ತಿಯನ್ನು ಕೆಡವಿ ತಾನೂ ಅದರೊಡನೆ ಉರುಳಿದನು. ಪಂದ್ಯ ಮುಗಿದಾಗ ಫಲಕದ ಮೇಲಿದ್ದುದು 70–33. ಕುಕ್‌ನ ಓಟದ ಪಾಪ ಚೆಂಡನ್ನು ಜಾರಿಸಿದವರದೇ ಹೊರತು ಕ್ಲೆಮ್ಸನ್ನಿನ ರಕ್ಷಣಾಪಂಗಡದ್ದಲ್ಲವಾದರೂ, ಎಪ್ಪತ್ತೆಂಬ ಸಂಖ್ಯೆಯ ಮುಂದೆ ಇಂತಹ ಸಮಾಧಾನಗಳನ್ನು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ರಕ್ಷಣೆಯ ಹೊಣೆ ಹೊತ್ತಿದ್ದ ಸಹಾಯಕ ತರಬೇತುದಾರ ಕೆವಿನ್ ಸ್ಟೀಲ್ ಅವರು ಅದೇ ತಿಂಗಳು ನಿರ್ಗಮಿಸಿದರು. ಅವರ ಕುರ್ಚಿ ಬರಿದಾಯಿತು.

ಇಲ್ಲಿ ಫುಟ್‌ಬಾಲ್ ಎಂದರೆ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಬಹುಮಟ್ಟಿಗೆ ಕೈಯಲ್ಲೇ ಹಿಡಿದು, ಎಸೆದು, ಎದೆಗೊಟ್ಟು ಗಜಗಜ ಭೂಮಿಯನ್ನು ಗೆಲ್ಲುತ್ತ ಹೋಗುವ ಅಮೆರಿಕನ್ನರ ಸ್ವಂತ ಆಟ. ಮುನ್ನುಗ್ಗುವ ಹನ್ನೊಂದು ಮಂದಿ ಬೇರೆ, ತಡೆಯುವ ಹನ್ನೊಂದು ಮಂದಿ ಬೇರೆ, ಚೆಂಡನ್ನು ಒದೆಯುವ ಸಂದರ್ಭಕ್ಕೆಂದೇ ಸಿದ್ಧರಾದವರು ಮತ್ತೂ ಬೇರೆ. ಹೀಗಿರುವುದರಿಂದ ನೂರರಷ್ಟು ಹುಡುಗರಿರುವ ಒಂದು ತಂಡಕ್ಕೆ ಒಬ್ಬನೇ ಗುರು ಸಾಲನು. ಚೆಂಡೆಸೆಯುವವನಿಗೆ ಒಬ್ಬ, ಹಿಡಿಯುವವರಿಗೆ ಒಬ್ಬ, ಮುಂಚೂಣಿಯಲ್ಲಿ ಗೋಡೆಯಂತೆ ನಿಲ್ಲುವ ದಢೂತಿ ದೇಹಿಗಳಿಗೆ ಒಬ್ಬ, ಎಂದು ಸಹಾಯಕರು ವಿಂಗಡವಾಗುತ್ತಾರೆ. ಅವರ ಮೇಲೆ ಆಕ್ರಮಣಕ್ಕೊಬ್ಬರು, ರಕ್ಷಣೆಗೊಬ್ಬರು, ಕೋಆರ್ಡಿನೇಟರ್ ಎಂಬ ಹೆಸರಿನ ಸಂಯೋಜಕರು. ಕಾಲೇಜು ಕ್ರೀಡೆಗಳನ್ನು ಆಳುವ ಎನ್‌ಸಿಎಎ ಸಂಸ್ಥೆಯು ಮೊದಲ ದರ್ಜೆಯ ತಂಡಗಳಿಗೆ ಬಹುಕಾಲ ಒಂಬತ್ತೇ ಸಹಾಯಕರನ್ನು ವಿಧಿಸಿ, 2018ರಲ್ಲಿ ಹತ್ತನೆಯವರಿಗೆ ಅವಕಾಶವಿತ್ತು, 2024ರಲ್ಲಿ ಮೈದಾನದಲ್ಲಿ ಕಲಿಸುವವರ ಸಂಖ್ಯೆಯ ಮೇಲಿದ್ದ ಕಟ್ಟನ್ನೇ ಸಡಿಲಿಸಿತು. ಆದರೆ ಊರೂರು ತಿರುಗಿ ಆಟಗಾರರನ್ನು ಅರಸುವ ಅಧಿಕಾರ ಮಾತ್ರ ಮುಖ್ಯ ಕೋಚ್ ಮತ್ತು ಹತ್ತು ಸಹಾಯಕರಲ್ಲೇ ಉಳಿಯಿತು.

ಈ ಅರಸುವ ಕಾರ್ಯವನ್ನು ಅರಿಯದೆ ಸಹಾಯಕನ ನೇಮಕವು ಅರ್ಥವಾಗದು. ಮೈದಾನದಲ್ಲಿ ಗುರುವಾದವನು ಉಳಿದ ದಿನಗಳಲ್ಲಿ ಒಂದು ಸೀಮೆಯ ಪ್ರತಿನಿಧಿಯಾಗಿರುತ್ತಾನೆ. ಹೈಸ್ಕೂಲುಗಳ ಕೋಚ್‌ಗಳನ್ನು ಹೆಸರು ಹಿಡಿದು ಕರೆಯುವಷ್ಟು ಬಳಕೆ, ಹದಿನೇಳರ ಹುಡುಗನ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಅವನ ತಾಯಿಯ ವಿಶ್ವಾಸವನ್ನು ಗಳಿಸುವ ಮಾತು, ಇವೂ ವಿದ್ಯೆಯಷ್ಟೇ ತೂಗುತ್ತವೆ. ಆದುದರಿಂದ ಒಬ್ಬ ಸಹಾಯಕನು ಹೊರಟನೆಂದರೆ, ಅವನನ್ನು ನಂಬಿ ಬರಲೊಪ್ಪಿದ್ದ ಹುಡುಗರೂ ಕದಲುತ್ತಾರೆ. 2017ರಿಂದ ಹುಡುಗರು ಡಿಸೆಂಬರಿನಲ್ಲಿಯೇ ಸಹಿ ಹಾಕುವ ಪದ್ಧತಿ ಬಂದಮೇಲಂತೂ, ಪಂದ್ಯಾವಳಿಯ ಕೊನೆ, ಸಹಿಯ ಗಡಿಬಿಡಿ, ನೇಮಕದ ಸಂತೆ ಮೂರೂ ಒಂದೇ ವಾರದಲ್ಲಿ ಮೈಮೇಲೆ ಬೀಳುತ್ತವೆ.

ಪತ್ತನಾಜೆಯಂದು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕರಾವಳಿಯಲ್ಲಿ ಯಾವ ಯಕ್ಷಗಾನ ವೇಷಧಾರಿ ಮುಂದಿನ ತಿರುಗಾಟಕ್ಕೆ ಯಾವ ಮೇಳವೆಂದು ಮಾತು ಹಬ್ಬುವಂತೆ, ಅಲ್ಲಿ ಡಿಸೆಂಬರ್‌–ಜನವರಿಗಳಲ್ಲಿ ಇದೇ ಮಾತು. ಮುಖ್ಯ ಕೋಚ್ ಒಬ್ಬನು ಪದಚ್ಯುತನಾದರೆ ಅವನ ಸಹಾಯಕರೆಲ್ಲರ ಅನ್ನವೂ ಅಲುಗುತ್ತದೆ. ಆ ಪದವಿಗೆ ಬೇರೊಂದು ತಂಡದ ಸಂಯೋಜಕನು ಏರಿದರೆ ಅಲ್ಲೊಂದು ತೆರವು. ಅದನ್ನು ತುಂಬಲು ಮೂರನೆಯ ಕಡೆಯಿಂದ ಕರೆದರೆ ಅಲ್ಲಿ ಮತ್ತೊಂದು. 1922ರಿಂದ ಬಂದಿರುವ ಅಮೆರಿಕನ್ ಫುಟ್‌ಬಾಲ್ ಕೋಚ್‌ಗಳ ಸಂಘವು ಪ್ರತಿ ಜನವರಿಯಲ್ಲಿ ನೆರೆಸುವ ಸಮ್ಮೇಳನದಲ್ಲಿ ಉಪನ್ಯಾಸಗಳೇನೋ ಸಾಂಗವಾಗಿ ನಡೆಯುತ್ತವೆ. ಆದರೆ ಕೆಲಸವಿಲ್ಲದ ತರುಣರು ಬಯೋಡೇಟಾ ಹಿಡಿದು ಪರಿಚಿತ ಮುಖವೊಂದಕ್ಕಾಗಿ ಕಾದು ನಿಲ್ಲುವುದು ಹೋಟೆಲಿನ ಹಜಾರದಲ್ಲಿ. ವಿಶ್ವವಿದ್ಯಾಲಯಗಳು ಜಾಹೀರಾತು ಹೊರಡಿಸುವುದುಂಟು, ಅರ್ಜಿಗಳೂ ಬರುವುದುಂಟು. ಆದರೆ ಕುರ್ಚಿ ತುಂಬುವುದು ಹೆಚ್ಚಾಗಿ ಫೋನಿನ ಕರೆಯಿಂದ. ಇದನ್ನು ಕೇವಲ ಪಕ್ಷಪಾತವೆಂದು ತಳ್ಳಿಹಾಕಲು ನಾನು ಒಪ್ಪೆನು. ದಿನದ ಹದಿನಾರು ಗಂಟೆ ಒಂದೇ ಕೋಣೆಯಲ್ಲಿ ಕುಳಿತು ಆಟದ ಚಿತ್ರಗಳನ್ನು ಮುಂದಕ್ಕೂ ಹಿಂದಕ್ಕೂ ಓಡಿಸಿ ನೋಡಬೇಕಾದವರು ಪರಸ್ಪರ ಪರಿಚಯವನ್ನು ಬಯಸುವುದು ಸಹಜ.

ಕ್ಲೆಮ್ಸನ್ನಿನ ಮುಖ್ಯ ಕೋಚ್ ಡಾಬೊ ಸ್ವಿನಿ ಅವರೇ ಅಂತಹ ಪರಿಚಯದ ಫಲ. ಅಲಬಾಮಾದಲ್ಲಿ ಸಹಾಯಕರಾಗಿದ್ದ ಅವರು ಅಲ್ಲಿಯ ಮುಖ್ಯ ಕೋಚ್ ಪದಚ್ಯುತರಾದಾಗ ತಾವೂ ಕೆಲಸ ಕಳೆದುಕೊಂಡು, ಎರಡು ವರ್ಷ ಬರ್ಮಿಂಗ್‌ಹ್ಯಾಮಿನಲ್ಲಿ ವಾಣಿಜ್ಯ ಮಳಿಗೆಗಳ ಸ್ಥಿರಾಸ್ತಿ ವ್ಯವಹಾರದಲ್ಲಿ ಹೊಟ್ಟೆ ಹೊರೆದುಕೊಂಡರು. 2003ರಲ್ಲಿ ಅವರನ್ನು ಮೈದಾನಕ್ಕೆ ಮರಳಿ ಕರೆದವರು ಒಂದು ಕಾಲದಲ್ಲಿ ಅಲಬಾಮಾದಲ್ಲಿ ಅವರಿಗೆ ಕಲಿಸಿದ್ದ, ಆಗ ಕ್ಲೆಮ್ಸನ್ನಿನ ಮುಖ್ಯ ಕೋಚ್ ಆಗಿದ್ದ ಟಾಮಿ ಬೌಡನ್. 2008ರ ಅಕ್ಟೋಬರಿನಲ್ಲಿ ಬೌಡನ್ ನಿರ್ಗಮಿಸಲು, ಅದೇ ಶಿಷ್ಯನು ಆ ಪೀಠವನ್ನೇರಿದನು.

ಪೀಠವೇರಿದವನಿಗೆ ತನ್ನ ಸಹಾಯಕರನ್ನು ತಾನೇ ಕಳುಹಿಸುವ ಕಷ್ಟವೂ ಬಂದಿತು. ಆರು ಗೆಲುವು ಏಳು ಸೋಲಿನ 2010ರ ಋತುವಿನ ಬಳಿಕ ಸ್ವಿನಿ ತಮ್ಮ ಆಕ್ರಮಣ ಸಂಯೋಜಕ ಬಿಲ್ಲಿ ನೇಪಿಯರ್ ಅವರನ್ನು ಬಿಡಿಸಿ, ಕೇವಲ ಒಂದು ವರ್ಷದ ಹಿಂದೆ ಟೆಕ್ಸಾಸಿನ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದ ಚಾಡ್ ಮಾರಿಸ್ ಅವರನ್ನು ತಂದರು. ಅದೇ ವೇಳೆಗೆ ಬಂದ ಟೋನಿ ಎಲಿಯಟ್ ಕ್ಲೆಮ್ಸನ್ನಿನ ಹಳೆಯ ಆಟಗಾರ. ಇಂಜಿನಿಯರಿಂಗ್ ಓದಿ ಮಿಶೆಲಿನ್ ಟೈರು ಕಂಪನಿಯಲ್ಲಿ ಸಂಬಳ ಎಣಿಸಿದ್ದರೂ ಮೈದಾನದ ಸೆಳೆತಕ್ಕೆ ಸೋತವರು. 2014ರ ಕೊನೆಗೆ ಮಾರಿಸ್ ಬೇರೆಡೆ ಮುಖ್ಯ ಕೋಚ್ ಆಗಿ ಹೋದಾಗ ಸ್ವಿನಿ ಹೊರಗೆ ಕಣ್ಣು ಹಾಯಿಸದೆ, ಮನೆಯವರೇ ಆದ ಎಲಿಯಟ್ ಮತ್ತು ಜೆಫ್ ಸ್ಕಾಟ್ ಇಬ್ಬರಿಗೂ ಆ ಸ್ಥಾನವನ್ನು ಹಂಚಿಕೊಟ್ಟರು.

ಆದರೆ ಎಪ್ಪತ್ತರ ಸೋಲಿನ ಬಳಿಕ ತೆರವಾದ ಕುರ್ಚಿಗೆ ಮಾತ್ರ ಅವರು ದೂರದವರನ್ನೇ ಹುಡುಕಿದರು. ಒಕ್ಲಹೋಮಾದಲ್ಲಿ 1999ರಿಂದ ಇದ್ದ ಬ್ರೆಂಟ್ ವೆನೆಬಲ್ಸ್, ಅಲ್ಲಿಯ ಮುಖ್ಯ ಕೋಚ್‌ನ ತಮ್ಮನು ಮರಳಿ ಬಂದು ರಕ್ಷಣೆಯ ಅಧಿಕಾರದಲ್ಲಿ ಪಾಲುಗಾರನಾಗುವ ಸಂದರ್ಭ ಒದಗಿದ್ದ ಕಾಲಕ್ಕೆ ಸರಿಯಾಗಿ ಕ್ಲೆಮ್ಸನ್ನಿನ ಕರೆಗೆ ಓಗೊಟ್ಟರು. ಪಂದ್ಯದ ಹೊತ್ತಿನಲ್ಲಿ ಅವರನ್ನು ನೋಡುವುದೇ ಒಂದು ತಮಾಷೆ. ಆವೇಶದಲ್ಲಿ ಗೆರೆ ದಾಟಿ ಮೈದಾನಕ್ಕೆ ನುಗ್ಗಿದರೆ ತಂಡಕ್ಕೆ ದಂಡ ಬೀಳುವುದರಿಂದ, ಅವರ ಬೆನ್ನ ಹಿಂದೆ ನಿಂತು, ಸೊಂಟದ ಪಟ್ಟಿಯನ್ನು ಹಿಡಿದು ಹಿಂದಕ್ಕೆ ಜಗ್ಗುವುದಕ್ಕಾಗಿಯೇ ಗಟ್ಟಿ ರಟ್ಟೆಯ ಸಿಬ್ಬಂದಿಯೊಬ್ಬನನ್ನು ನಿಲ್ಲಿಸಿದ್ದರು! ಹೀಗೆ ಹಿಡಿದು ನಿಲ್ಲಿಸಬೇಕಾದ ಮನುಷ್ಯನು ಕ್ಲೆಮ್ಸನ್ನಿನಲ್ಲಿ ಹತ್ತು ಋತುಗಳನ್ನು ಕಳೆದನು.

2017ರ ಜನವರಿ 9ರ ರಾಷ್ಟ್ರೀಯ ಅಂತಿಮ ಪಂದ್ಯದಲ್ಲಿ ಕ್ಲೆಮ್ಸನ್ ಅಲಬಾಮಾವನ್ನು 35–31ರಿಂದ, ಒಂದೇ ಒಂದು ಸೆಕೆಂಡು ಉಳಿದಿರುವಾಗ ಗೆದ್ದುದನ್ನು ಅಲ್ಲಿಯ ಜನ ಮರೆತಿಲ್ಲ. ಆ ಪಂದ್ಯಕ್ಕೆ ವಾರ ಮುಂಚೆ ಅಲಬಾಮಾದಲ್ಲಿಯೂ ಒಂದು ಕುರ್ಚಿ ಬರಿದಾಗಿತ್ತು. ಆಕ್ರಮಣ ಸಂಯೋಜಕ ಲೇನ್ ಕಿಫಿನ್ ಬೇರೊಂದೆಡೆ ಮುಖ್ಯ ಕೋಚ್ ಪದವಿಯನ್ನು ಒಪ್ಪಿದ್ದರಿಂದ, ಅಲ್ಲಿಯ ಮುಖ್ಯ ಕೋಚ್ ನಿಕ್ ಸೇಬನ್, ಕಿಫಿನ್ ಅವರನ್ನು ಅಂತಿಮ ಪಂದ್ಯಕ್ಕೂ ಮೊದಲೇ ಬೀಳ್ಕೊಟ್ಟು, ಆವರೆಗೆ ತೆರೆಮರೆಯಲ್ಲಿ ವಿಶ್ಲೇಷಕರಾಗಿದ್ದ ಸ್ಟೀವ್ ಸಾರ್ಕೀಸಿಯನ್ ಅವರ ಕೈಗೆ ಆಟದ ಸೂತ್ರವನ್ನಿತ್ತರು. ಸೋಲಿಗೆ ಅದೇ ಕಾರಣವೆಂದು ಹೇಳುವುದು ಸುಲಭ, ಸಾಧಿಸುವುದು ಕಷ್ಟ. ಸೇಬನ್ ಅವರ ಜಾಣತನವಿದ್ದುದು ಬೇರೆ ಕಡೆ: ಕೆಲಸ ಕಳೆದುಕೊಂಡ ಸಮರ್ಥರನ್ನು ವಿಶ್ಲೇಷಕರೆಂಬ ಸಣ್ಣ ಹೆಸರಿನಲ್ಲಿ ಮನೆಯೊಳಗಿಟ್ಟುಕೊಂಡು, ತೆರವಾದ ದಿನವೇ ಕುರ್ಚಿ ತುಂಬುವ ಸಿದ್ಧತೆಯಲ್ಲಿರುವುದು. ಕ್ಲೆಮ್ಸನ್ನಿನಿಂದ ಹೊರಬಿದ್ದ ನೇಪಿಯರ್ ಕೂಡ ಮೊದಲು ಆಶ್ರಯ ಪಡೆದುದು ಅಲ್ಲಿಯೇ.

2021ರ ಡಿಸೆಂಬರಿನಲ್ಲಿ ವೆನೆಬಲ್ಸ್ ಒಕ್ಲಹೋಮಾಕ್ಕೂ ಎಲಿಯಟ್ ವರ್ಜೀನಿಯಾಕ್ಕೂ ಮುಖ್ಯ ಕೋಚ್‌ಗಳಾಗಿ ಒಂದೇ ವಾರದ ಅಂತರದಲ್ಲಿ ಹೊರಟುಹೋದರು. ಸ್ವಿನಿ ಮತ್ತೆ ಮನೆಯ ಮಕ್ಕಳನ್ನೇ ನೆಚ್ಚಿದರು: ರಕ್ಷಣೆಗೆ ವೆಸ್ ಗುಡ್‌ವಿನ್, ಆಕ್ರಮಣಕ್ಕೆ ಹಿಂದೆ ಅಲ್ಲಿಯೇ ಆಡಿದ್ದ ಬ್ರಾಂಡನ್ ಸ್ಟ್ರೀಟರ್. ನಿಷ್ಠೆಗೆ ಕೊಟ್ಟ ಈ ಮನ್ನಣೆ ನೋಡಲು ಚೆಂದವಾದರೂ, ಮನೆಯಡುಗೆಯನ್ನೇ ಉಂಡವನಿಗೆ ಉಪ್ಪು ಕಡಿಮೆಯಾದುದು ತಿಳಿಯದೆಂಬ ದೋಷ ಅದರಲ್ಲಿದೆಯೆಂದು ನನಗೆ ತೋರುತ್ತದೆ. 2023ರ ಜನವರಿಯಲ್ಲಿ ಸ್ಟ್ರೀಟರ್ ಹೋದರು. ಅವರ ಸ್ಥಾನಕ್ಕೆ ಟಿಸಿಯು ತಂಡದಿಂದ ಬಂದ ಗ್ಯಾರೆಟ್ ರೈಲಿ, ಕೆಲವೇ ದಿನಗಳ ಹಿಂದೆ ರಾಷ್ಟ್ರೀಯ ಅಂತಿಮದಲ್ಲಿ ಜಾರ್ಜಿಯಾಕ್ಕೆ 65–7ರಿಂದ ಸೋತವರು. ಸೋತ ವಾರದಲ್ಲೇ ಸನ್ಮಾನದ ನೇಮಕ! ಆ ಋತುವಿನ ಶ್ರೇಷ್ಠ ಸಹಾಯಕನಿಗೆ ಸಲ್ಲುವ ಬ್ರಾಯಿಲ್ಸ್ ಪ್ರಶಸ್ತಿ ಅವರದೇ ಆಗಿತ್ತೆಂಬುದನ್ನೂ ಹೇಳಬೇಕು. 2025ರ ಜನವರಿಯಲ್ಲಿ ಗುಡ್‌ವಿನ್ ಅವರೂ ಹೋಗಿ, ಪೆನ್ ಸ್ಟೇಟಿನಿಂದ ಟಾಮ್ ಆಲೆನ್ ಬಂದರು.

ಹಣದ ಮಾತು ಬೇಗ ಮುಗಿಯುತ್ತದೆ. 2018ರಲ್ಲಿ ಲೂಸಿಯಾನಾದ ಎಲ್‌ಎಸ್‌ಯು ತನ್ನ ರಕ್ಷಣಾ ಸಂಯೋಜಕ ಡೇವ್ ಅರಾಂಡಾ ಅವರನ್ನು ಉಳಿಸಿಕೊಳ್ಳಲು ನಾಲ್ಕು ವರ್ಷಗಳಿಗೆ ಒಂದು ಕೋಟಿ ಡಾಲರು ಕೊಡಲೊಪ್ಪಿತು. ಅದೇ ವೃತ್ತಿಯ ಕೆಳಮೆಟ್ಟಿಲಿನಲ್ಲಿ, ಸ್ನಾತಕೋತ್ತರ ವಿದ್ಯಾರ್ಥಿಯಾಗಿ ಶುಲ್ಕವಿನಾಯಿತಿ ಮತ್ತು ಸಣ್ಣ ಭತ್ಯೆಗಾಗಿ ನಡುರಾತ್ರಿಯವರೆಗೆ ಆಟದ ಚಿತ್ರಗಳನ್ನು ಕತ್ತರಿಸಿಕೊಡುವ ತರುಣನಿದ್ದಾನೆ. ಇಬ್ಬರ ಮನೆಯಲ್ಲೂ ಸಾಮಾನಿನ ಪೆಟ್ಟಿಗೆಗಳನ್ನು ಪೂರ್ತಿ ಬಿಚ್ಚುವುದಕ್ಕೆ ಹೆಂಡತಿಯರು ಅನುಮಾನಿಸಿದರೆ ಆಶ್ಚರ್ಯವಿಲ್ಲ.

ಬಿಚ್ಚಿದವರೂ ಉಂಟು. 1987ರಲ್ಲಿ ಮುಖ್ಯ ಕೋಚ್ ಫ್ರಾಂಕ್ ಬೀಮರ್ ಅವರೊಡನೆ ವರ್ಜೀನಿಯಾ ಟೆಕ್‌ಗೆ ಬಂದ ಸಹಾಯಕ ಬಡ್ ಫಾಸ್ಟರ್, 2015ರಲ್ಲಿ ಬೀಮರ್ ನಿವೃತ್ತರಾದಾಗ ರೂಢಿಯಂತೆ ಗಂಟು ಕಟ್ಟಬೇಕಾಗಿತ್ತು. ಆದರೆ ಹೊಸದಾಗಿ ಬಂದ ಮುಖ್ಯ ಕೋಚ್ ಜಸ್ಟಿನ್ ಫ್ಯುಯೆಂಟೆ, ಫಾಸ್ಟರ್ ಅವರನ್ನು ಅಲ್ಲಿಯೇ ಉಳಿಸಿಕೊಂಡರು. ಫಾಸ್ಟರ್ ಅವರ ರಕ್ಷಣಾಪಂಗಡಕ್ಕೆ ಒಂದು ಲಾಂಛನವಿತ್ತು: ಕೂಲಿಗಾರರು ಬುತ್ತಿ ಒಯ್ಯುವ ಜಜ್ಜಿಹೋದ ತಗಡಿನ ಪೆಟ್ಟಿಗೆ. ಮೈಮುರಿದು ಆಡಿದ ಹುಡುಗನಿಗೆ ಅದನ್ನು ಹೊತ್ತುಕೊಂಡು ಮೈದಾನಕ್ಕೆ ಹೋಗುವ ಗೌರವ. ಮುಖ್ಯ ಕೋಚ್ ಬದಲಾದ ಮೇಲೂ ಆ ಪೆಟ್ಟಿಗೆ ಹುಡುಗರ ಕೈಯಿಂದ ಕೈಗೆ ಸಾಗುತ್ತ, 2019ರಲ್ಲಿ ಫಾಸ್ಟರ್ ತಾವಾಗಿಯೇ ವಿರಮಿಸುವವರೆಗೂ ಪ್ರತಿ ಪಂದ್ಯಕ್ಕೂ ಹೋಗಿಬರುತ್ತಿತ್ತು.